ಸಕ್ಕರೆ ಕಾಯಿಲೆ ಮತ್ತು ಚರ್ಮದ ಬೂಷ್ಟು



ನವೆ ಎಂದು ಚರ್ಮದ ಡಾಕ್ಟರ ಹತ್ತಿರ ಬಂದವರನ್ನು "ಶುಗರ್ ಯಾವಾಗ ನೋಡಿಸಿದ್ದು?" ಎಂದು ಕೇಳಿದರೆ ಅನೇಕರು ಮುಖ ಸಿಂಡರಿಸುತ್ತಾರೆ. ತುರಿಸುತ್ತಿರುವುದು ತೊಡೆಸಂದಿನಲ್ಲಿ, ಇವರು ರಕ್ತ ಕೊಟ್ಟು ಬಾ ಅನ್ನುತ್ತಾರಲ್ಲ ಎಂಬ ಬೇಸರ. ಲ್ಯಾಬಿನವರಿಗೂ ಇವರಿಗೂ ಏನೋ ಒಳಒಪ್ಪಂದ ಇರಬೇಕು ಎಂಬ ಗುಮಾನಿಯೂ ಇಲ್ಲದಿಲ್ಲ. ಗುಮಾನಿ ಪಡುವವರನ್ನು ನಾನು ದೂರುವುದಿಲ್ಲ, ಕಾಲವೇ ಹಾಗಿದೆ. ಆದರೂ ಕೇಳಿಯೇ ಕೇಳುತ್ತೇನೆ. ಸಕ್ಕರೆ ಕಾಯಿಲೆ ಮೈಯೊಳಗೆ ಸೇರಿಕೊಂಡಿದೆ ಎನ್ನುವುದು ಎಷ್ಟೋ ಸಲ ಮೊದಲು ಗೊತ್ತಾಗುವುದು ಚರ್ಮದಿಂದಲೇ. ನಲವತ್ತು ದಾಟಿದ ಗಂಡಸಿಗೆ ಮುಂದೊಗಲು ಕೆಂಪಾಗಿ, ಸಣ್ಣಸಣ್ಣ ಸೀಳು ಬಿಟ್ಟು, ಹಿಂದಕ್ಕೆ ಸರಿಸಲಾರದಷ್ಟು ಬಿಗಿದುಕೊಂಡಿದೆ ಎಂದರೆ ಮುಲಾಮು ಬರೆಯುವ ಮೊದಲೇ ಸಕ್ಕರೆ ಪರೀಕ್ಷೆ ಬರೆಯಬೇಕು. ಹೆಂಗಸರಿಗೆ ಗಟ್ಟಿಯಾದ ಬಿಳಿಸೆರಗು, ಕೂತಲ್ಲಿ ಕೂರಲು ಬಿಡದ ತುರಿಕೆ, ಔಷಧ ಹಾಕಿದಾಗ ಹೋಗಿ ಮುಂದಿನ ತಿಂಗಳು ಮತ್ತೆ ಹಾಜರು ಎಂದಾದರೂ ಅಷ್ಟೇ. ಇವೆಲ್ಲ ಮನೆಯಲ್ಲಿ ಹೇಳಿಕೊಳ್ಳುವ ಮಾತಲ್ಲ, ನಿಜ. ಅದಕ್ಕೇ ರೇಡಿಯೊದಲ್ಲಿ ಹೇಳುತ್ತಿದ್ದೇನೆ. ಇಲ್ಲಿ ನಿಮ್ಮ ಮುಖ ನನಗೆ ಕಾಣುವುದಿಲ್ಲ, ನನ್ನದು ನಿಮಗೆ ಕಾಣುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಇಂಡಿಯಾಬ್ ಸಮೀಕ್ಷೆಯ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಅದರಂತೆ ನಮ್ಮಲ್ಲಿ ವಯಸ್ಕರ ಪೈಕಿ ಶೇಕಡಾ 11.4 ಮಂದಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇವರಲ್ಲಿ ತಮಗೆ ಕಾಯಿಲೆ ಇದೆ ಎಂದೇ ತಿಳಿಯದೆ ಓಡಾಡುವವರೂ ಬಹಳ.

ಇನ್ನು ಬೂಷ್ಟಿನ ಮಾತು. ಶಿಲೀಂಧ್ರ ಎಂದು ಪುಸ್ತಕದಲ್ಲಿ ಓದುತ್ತೇವೆ, ಕ್ಲಿನಿಕ್ಕಿನಲ್ಲಿ ಎಲ್ಲರೂ ಫಂಗಸ್ ಎನ್ನುತ್ತಾರೆ. ಚರ್ಮಕ್ಕೆ ಹತ್ತುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಹುಳುಕಡ್ಡಿ ಅಥವಾ ಗಜಕರ್ಣ ಎಂದು ನಾವು ಕರೆಯುವ ರೋಗದ್ದು. ಅದಕ್ಕೆ ಬೇಕಾದ ಊಟ ಕೆರಾಟಿನ್. ಚರ್ಮದ ಮೇಲ್ಪದರ, ಕೂದಲು, ಉಗುರು ಮೂರೂ ಆಗಿರುವುದು ಆ ವಸ್ತುವಿನಿಂದ. ಅಂಚು ಉಬ್ಬಿ, ನಡುವೆ ತಿಳಿಯಾಗಿ, ಉಂಗುರದ ಹಾಗೆ ಹಬ್ಬುತ್ತದೆ. ಹೆಸರಿನಲ್ಲಿ ಹುಳು ಇದ್ದರೂ ಇದರಲ್ಲಿ ಹುಳು ಇಲ್ಲ. ಇನ್ನೊಂದು ಕ್ಯಾಂಡಿಡಾ. ಇದು ಆರೋಗ್ಯವಂತರ ಬಾಯಲ್ಲೂ ಕರುಳಲ್ಲೂ ತಣ್ಣಗೆ ಇರುವಂಥದ್ದೇ. ತೇವ, ಸಕ್ಕರೆ ಸಿಕ್ಕಿದರೆ ತಲೆ ಎತ್ತುತ್ತದೆ. ಹುಳುಕಡ್ಡಿ ಸಕ್ಕರೆ ಕಾಯಿಲೆ ಇಲ್ಲದವರಿಗೂ ಧಾರಾಳವಾಗಿ ಬರುತ್ತದೆ, ಹಾಸ್ಟೆಲಿನ ಹುಡುಗರನ್ನು ಕೇಳಿ. ಆದರೆ ಕ್ಯಾಂಡಿಡಾ ಪದೇ ಪದೇ ಕಾಣಿಸಿಕೊಂಡರೆ ಸಕ್ಕರೆಯ ಮೇಲೆ ಅನುಮಾನ ಪಡಲೇಬೇಕು.

ಸಕ್ಕರೆ ಏರಿದರೆ ಬೂಷ್ಟಿಗೆ ಯಾಕೆ ಅನುಕೂಲ? ರಕ್ತದಲ್ಲಿ ಗ್ಲೂಕೋಸ್ ಹೆಚ್ಚಿದಾಗ ಮೂತ್ರದಲ್ಲೂ ಸೋರುತ್ತದೆ, ಜೊಲ್ಲಿನಲ್ಲೂ ಏರುತ್ತದೆ. ರೋಗಾಣುವನ್ನು ಹಿಂಬಾಲಿಸಿ ನುಂಗಬೇಕಾದ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಸಣ್ಣ ರಕ್ತನಾಳಗಳು ಕೆಟ್ಟು ಕಾಲಿನ ತುದಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ. ಈ ಕಾಯಿಲೆಯವರಲ್ಲಿ ಅನೇಕರು ಮೈತೂಕ ಹೆಚ್ಚಿರುವವರು, ಮಡಿಕೆ ಬಿದ್ದಲ್ಲೆಲ್ಲ ಬೆವರು ಆರದೆ ನಿಲ್ಲುತ್ತದೆ. ಸ್ತನದ ಕೆಳಗೆ, ಹೊಟ್ಟೆ ಜೋತ ಕಡೆ, ಕಂಕುಳು, ತೊಡೆಸಂದು, ಬೆರಳ ಸಂದು. ಕ್ಯಾಂಡಿಡಾ ಹತ್ತಿದಾಗ ಇಲ್ಲೆಲ್ಲ ಚರ್ಮ ಕೆಂಪಗೆ ಒದ್ದೆಒದ್ದೆಯಾಗಿ ಸುಲಿದು, ಅಂಚಿನಾಚೆ ಸಣ್ಣ ಗುಳ್ಳೆಗಳು ಚದುರಿರುತ್ತವೆ. ದಿನವಿಡೀ ನೀರಲ್ಲಿ ಕೈ ಇಟ್ಟು ಪಾತ್ರೆ ತಿಕ್ಕುವವರಿಗೆ, ಹೋಟೆಲಿನ ಅಡುಗೆಮನೆಯವರಿಗೆ ಕೈಯ ನಡುಬೆರಳು ಮತ್ತು ಉಂಗುರಬೆರಳ ನಡುವೆ ಚರ್ಮ ಬೆಳ್ಳಗಾಗಿ ಕಿತ್ತುಬರುವುದುಂಟು. ಉಗುರಿನ ಬುಡ ಊದಿ ತಿಂಗಳುಗಟ್ಟಲೆ ನೋಯುವ ಉಗುರುಸುತ್ತು, ಬಾಯಿಯ ಎರಡೂ ಮೂಲೆ ಒಡೆದು ಆಕಳಿಸಿದರೆ ಉರಿಯುವುದು, ಇವೂ ಅದರದೇ ಕೆಲಸವಿರಬಹುದು. ಬಾಯಿಮೂಲೆ ಒಡೆದರೆ ನಾವು ಬಿ ವಿಟಮಿನ್ ಕಡಿಮೆ ಎಂದು ಮಾತ್ರೆ ನುಂಗಿ ಸುಮ್ಮನಾಗುತ್ತೇವೆ.

ತೇವದ ಮಾತು ಬಂದಾಗ ರೇಷ್ಮೆಯ ಕಥೆಯೊಂದನ್ನು ಹೇಳಬೇಕು. ರಾಮನಗರ, ಶಿಡ್ಲಘಟ್ಟದ ಕಡೆ ಹುಳು ಸಾಕುವವರಿಗೆ ಸುಣ್ಣಕಟ್ಟು ರೋಗ ಗೊತ್ತು. ಹುಳು ಸತ್ತು ಬಿರುಸಾಗಿ, ಮೈಯೆಲ್ಲ ಬಿಳಿಪುಡಿ ಬಳಿದುಕೊಂಡಂತೆ ಬೆಳ್ಳಗಾಗಿಬಿಡುತ್ತದೆ. ಇಟಲಿಯಲ್ಲಿ ಅಗೊಸ್ಟಿನೊ ಬಾಸ್ಸಿ ಎಂಬಾತ ಈ ರೋಗದ ಹಿಂದೆ ಬಿದ್ದು, ಇದಕ್ಕೆ ಕಾರಣ ಒಂದು ಬೂಷ್ಟು ಎಂದು 1835ರಲ್ಲಿ ಬರೆದು ಪ್ರಕಟಿಸಿದ. ಕಣ್ಣಿಗೆ ಕಾಣದ ಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲದು ಎಂದು ಪ್ರಯೋಗದಿಂದ ತೋರಿಸಿದವರಲ್ಲಿ ಆತನೇ ಮೊದಲಿಗ. ಲೂಯಿ ಪಾಶ್ಚರ್ ಆಗ ಇನ್ನೂ ಹುಡುಗ. ಅದನ್ನು ಓದಿದ ಶೋನ್‌ಲೈನ್ ಎಂಬ ಜರ್ಮನ್ ವೈದ್ಯ 1839ರಲ್ಲಿ ಮನುಷ್ಯರ ನೆತ್ತಿಯ ರೋಗವೊಂದರಲ್ಲೂ ಬೂಷ್ಟನ್ನು ಕಂಡ. ಹೀಗೆ ನಮ್ಮ ಹುಳುಕಡ್ಡಿಯ ಗುಟ್ಟು ಬಿಚ್ಚಿಕೊಂಡದ್ದು ರೇಷ್ಮೆಹುಳುವಿನ ತಟ್ಟೆಯಲ್ಲಿ. ನಮ್ಮ ರೈತರು ಮಳೆಗಾಲದಲ್ಲಿ ಹುಳುವಿನ ಹಾಸಿನ ಮೇಲೆ ಸುಣ್ಣದ ಪುಡಿ ಉದುರಿಸಿ ತೇವ ಹೀರಿಸುತ್ತಾರೆ, ಗಾಳಿ ಆಡಲು ಕಿಟಕಿ ತೆರೆದಿಡುತ್ತಾರೆ. ಹುಳುವಿನ ವಿಷಯದಲ್ಲಿ ಇಷ್ಟು ಎಚ್ಚರ ಇರುವ ಮನೆಯ ಯಜಮಾನ ತಾನು ಮಾತ್ರ ಒದ್ದೆ ಚಡ್ಡಿಯ ಮೇಲೆ ಪ್ಯಾಂಟ್ ಏರಿಸಿ ಹೊರಡುತ್ತಾನೆ. ಹಾಗೆಂದು ತೊಡೆಸಂದಿಗೆ ಸುಣ್ಣ ಹಚ್ಚಿಕೊಂಡೀರಿ ಮತ್ತೆ! ಬೆಳ್ಳುಳ್ಳಿ ಅರೆದು ಕಟ್ಟಿ, ಸೀಮೆಎಣ್ಣೆ ಹಚ್ಚಿ, ಚರ್ಮ ಬೆಂದು ಬಂದವರನ್ನು ನೋಡುವುದೇ ನಮಗೆ ಸಾಕಾಗಿದೆ.

ಆದರೆ ಬೆಳ್ಳುಳ್ಳಿಗಿಂತ ಹೆಚ್ಚು ಹಾನಿ ಮಾಡುತ್ತಿರುವುದು ಅಂಗಡಿಯ ಟ್ಯೂಬು. ಟೈಲ್ಸ್ ಕೆಲಸದ ಮೇಸ್ತ್ರಿಯೊಬ್ಬರು ಪ್ಲಾಸ್ಟಿಕ್ ಕವರಿನಿಂದ ಟ್ಯೂಬುಗಳನ್ನು ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಎಲ್ಲವನ್ನೂ ಬುಡದಿಂದ ಸುರುಳಿ ಸುತ್ತಿ ಕೊನೇ ಹನಿಯವರೆಗೂ ಹಿಂಡಲಾಗಿತ್ತು.

"ಇದು ಹಚ್ಚಿದ್ರೆ ಎರಡೇ ದಿನಕ್ಕೆ ಮಾಯ ಸಾರ್. ಬಿಟ್ರೆ ಮತ್ತೆ ಬರ್ತದೆ, ಮೊದಲಿಗಿಂತ ಅಗಲ."

"ಯಾರು ಬರೆದುಕೊಟ್ಟಿದ್ದು ಮೇಸ್ತ್ರಿ?"

"ಬರೆಯೋದೇನು, ಮೆಡಿಕಲ್‌ನವ್ರೇ ಕೊಟ್ರು. ನಮ್ಮನೇಲಿ ಎಲ್ರೂ ಇದನ್ನೇ ಹಚ್ಚೋದು."

"ಶುಗರ್ ಮಾತ್ರೆ?"

"ತಗೋತೀನಿ ಸಾರ್... ನೆನಪಾದಾಗ."

ಉಡಿದಾರದ ಕೆಳಗೆ ಸೊಂಟದ ಸುತ್ತ ಕಂದು ಬಣ್ಣದ ಪಟ್ಟಿ. ಅದರಿಂದ ಕೆಳಕ್ಕೆ ಉಂಗುರದೊಳಗೆ ಉಂಗುರ, ಅದರೊಳಗೆ ಇನ್ನೊಂದು. ತೊಡೆಯ ಒಳಭಾಗದಲ್ಲಿ, ಬಸಿರಿಯ ಹೊಟ್ಟೆಯ ಮೇಲೆ ಕಾಣುವಂಥ ಉದ್ದುದ್ದ ಗೆರೆಗಳು. ಆ ಗೆರೆ ಬೂಷ್ಟಿನದಲ್ಲ, ಟ್ಯೂಬಿನದು. ಭೂತಗನ್ನಡಿ ಹಿಡಿದು ಟ್ಯೂಬಿನ ಸಣ್ಣಕ್ಷರ ಓದಿದರೆ ನಾಲ್ಕು ಔಷಧಗಳ ಹೆಸರು: ಕ್ಲೊಬೆಟಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಾಫಿನ್. ಬೂಷ್ಟಿನ ಔಷಧ ಕೊನೆಯದೊಂದೇ. ನಡುವಿನ ಎರಡಕ್ಕೂ ಬೂಷ್ಟಿಗೂ ಸಂಬಂಧವೇ ಇಲ್ಲ. ಮೊದಲನೆಯದು ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಬಿರುಸಿನದು. ಎರಡು ದಿನದಲ್ಲಿ ನವೆ ಮಾಯವಾಗುವುದು ಅದರ ಮಹಿಮೆ. ಅದು ನವೆಯನ್ನೂ ಕೆಂಪನ್ನೂ ಅಡಗಿಸುತ್ತದೆ, ಜೊತೆಗೆ ಚರ್ಮದ ಪ್ರತಿರೋಧವನ್ನೂ ಅಡಗಿಸುತ್ತದೆ. ಬೂಷ್ಟಿಗೆ ಇನ್ನೇನು ಬೇಕು? ಸಕ್ಕರೆ ಕಾಯಿಲೆಯವರಿಗೆ ಇದರಲ್ಲಿ ಇನ್ನೂ ಒಂದು ಪೆಟ್ಟಿದೆ. ಇಂಥ ಮುಲಾಮನ್ನು ಅಗಲ ಜಾಗಕ್ಕೆ ಬಹಳ ದಿನ ಹಚ್ಚಿದರೆ ಅದು ರಕ್ತಕ್ಕೂ ಸೇರಿ ಸಕ್ಕರೆಯನ್ನೇ ಏರಿಸಬಲ್ಲದು. ನವೆ ನಿಲ್ಲಲಿ ಎಂದು ಹಾಕಿಸಿಕೊಳ್ಳುವ ಸ್ಟೀರಾಯ್ಡ್ ಇಂಜೆಕ್ಷನ್ನಂತೂ ಏರಿಸಿಯೇ ಏರಿಸುತ್ತದೆ.

ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ಸೇರಿಸಿತು. ಡಾಕ್ಟರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ. ಕಾನೂನು ಹಾಗೆ ಹೇಳುತ್ತದೆ. ಅಂಗಡಿಯಲ್ಲಿ ಏನಾಗುತ್ತದೆ ಎನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಈ ನಡುವೆ ನಮ್ಮ ದೇಶದ ಹುಳುಕಡ್ಡಿಯೂ ಬದಲಾಗಿದೆ. ಮೊದಲು ಎರಡು ವಾರ ಮುಲಾಮು ಹಚ್ಚಿದರೆ ಹೋಗುತ್ತಿದ್ದದ್ದು ಈಗ ಟರ್ಬಿನಾಫಿನ್ ಮಾತ್ರೆಗೂ ಜಗ್ಗದೆ ಕೂರುತ್ತದೆ. ಹೀಗೆ ಜಗ್ಗದ ಬೂಷ್ಟಿಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೊಸ ಹೆಸರಿಟ್ಟರು. ಇಂಡಿಯಾದ ಹೆಸರು ಅದರೊಳಗೇ ಕೂತಿದೆ, ಹೆಮ್ಮೆ ಪಡುವಂಥದ್ದೇನಲ್ಲ. ಅದು ಯೂರೋಪಿನಲ್ಲೂ, 2023ರಲ್ಲಿ ನ್ಯೂಯಾರ್ಕಿನಲ್ಲೂ ವರದಿಯಾಯಿತು. ಇದಕ್ಕೆ ಇಟ್ರಕೊನಜೋಲ್ ಮಾತ್ರೆಯನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ಮುಲಾಮನ್ನು ಉಂಗುರದ ಅಂಚಿನಿಂದ ಎರಡು ಬೆರಳಗಲ ಹೊರಗಿನವರೆಗೆ ಹಚ್ಚಿ, ಗುರುತು ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಮನೆಯಲ್ಲಿ ಎಷ್ಟು ಮಂದಿಗೆ ಇದೆಯೋ ಅಷ್ಟೂ ಮಂದಿಗೆ ಒಟ್ಟಿಗೇ ಚಿಕಿತ್ಸೆ ಆಗಬೇಕು. ಮೇಸ್ತ್ರಿಯ ಮನೆಯಲ್ಲಿ ಮಾವನಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಇತ್ತು.

ಇದು ಬೂಷ್ಟೇ ಹೌದೋ ಅಲ್ಲವೋ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಅಂಚಿನ ಹೊಟ್ಟನ್ನು ಬ್ಲೇಡಿನ ಬೆನ್ನಿನಿಂದ ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಕವಲೊಡೆದ ಎಳೆಗಳು ಕಾಣುತ್ತವೆ. ಅರ್ಧ ಗಂಟೆಯ ಕೆಲಸ, ನೋವಿಲ್ಲ.

ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಬೂಷ್ಟಿನ ಮಾತ್ರೆಯನ್ನು ಅಂಗಡಿಯಲ್ಲಿ ತಾವಾಗಿಯೇ ಕೊಂಡು ನುಂಗಬಾರದು ಎನ್ನುವುದಕ್ಕೆ ಬಲವಾದ ಕಾರಣವಿದೆ. ಫ್ಲುಕೊನಜೋಲ್ ಎಂಬ ಅಗ್ಗದ ಮಾತ್ರೆಯೊಂದು ಎಲ್ಲ ಕಡೆ ಸಿಗುತ್ತದೆ. ಗ್ಲಿಮಿಪಿರೈಡ್ ಗುಂಪಿನ ಸಕ್ಕರೆ ಮಾತ್ರೆಯನ್ನು ಮೈ ಕರಗಿಸಿ ಹೊರಹಾಕುವ ದಾರಿಗೆ ಇದು ಅಡ್ಡ ಬರುತ್ತದೆ. ಸಕ್ಕರೆ ಮಾತ್ರೆಯ ಪ್ರಭಾವ ಏರಿ ರಕ್ತದ ಸಕ್ಕರೆ ತೀರಾ ಇಳಿದು, ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಇಟ್ರಕೊನಜೋಲ್ ಹೃದಯ ದುರ್ಬಲವಾಗಿರುವವರಿಗೆ ಆಗದು, ಕೊಲೆಸ್ಟರಾಲಿನ ಕೆಲವು ಮಾತ್ರೆಗಳ ಜೊತೆಗೂ ಹೊಂದದು. ಡಾಕ್ಟರ ಹತ್ತಿರ ಹೋಗುವಾಗ ನೀವು ನುಂಗುತ್ತಿರುವ ಅಷ್ಟೂ ಮಾತ್ರೆಯ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. "ಬಿಳಿ ಮಾತ್ರೆ ಒಂದು, ಗುಲಾಬಿ ಒಂದು" ಎಂದರೆ ನಮಗೆ ತಿಳಿಯುವುದಿಲ್ಲ.

ಇನ್ನೊಂದು ಗುಂಪಿನ ಸಕ್ಕರೆ ಮಾತ್ರೆಗಳಿವೆ: ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯವು, ಈಗ ಬೆಲೆಯೂ ಇಳಿದಿದೆ, ಬಹಳ ಮಂದಿ ತೆಗೆದುಕೊಳ್ಳುತ್ತಿದ್ದಾರೆ. ಇವು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಕಳಿಸಿ. ಹಾಗಾಗಿ ಜನನಾಂಗದ ಬೂಷ್ಟು ಈ ಮಾತ್ರೆಗೆ ಅಂಟಿಕೊಂಡೇ ಬಂದ ತೊಂದರೆ. ಮೂತ್ರ ಮಾಡಿದ ಮೇಲೆ ಬರೀ ನೀರಿನಲ್ಲಿ ತೊಳೆದು ಒರೆಸಿಕೊಳ್ಳುವುದರಿಂದ ಬಹಳಷ್ಟು ತಪ್ಪುತ್ತದೆ. ಆದರೂ ತುರಿಕೆ ಶುರುವಾದರೆ ನಾಚಿಕೊಂಡು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ. ಆ ಭಾಗದಲ್ಲಿ ಊತ, ಜೋರು ನೋವು, ಜ್ವರ ಮೂರೂ ಕೂಡಿದರಂತೂ ಅದು ಬೇರೆಯೇ ಮಾತು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈಗ ಕಾಲಿಗೆ ಬರೋಣ. ಇವತ್ತಿನ ಮಾತಿನಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ. ಕಾಲಿನ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಸಂದು ಎಲ್ಲಕ್ಕಿಂತ ಇಕ್ಕಟ್ಟು. ಬೂಷ್ಟು ಸಾಮಾನ್ಯವಾಗಿ ಮೊದಲು ಹಿಡಿಯುವುದು ಅಲ್ಲೇ. ಚರ್ಮ ಬೆಳ್ಳಗೆ ನೆನೆದುಕೊಂಡಿರುತ್ತದೆ, ಎಳೆದರೆ ಸಿಪ್ಪೆ ಬರುತ್ತದೆ, ತಳದಲ್ಲಿ ಒಂದು ಸೀಳು. ನಾಟಿ ಕಾಲದಲ್ಲಿ ಗದ್ದೆಯಲ್ಲಿ ನಿಲ್ಲುವವರು ಕೆಸರುಹುಣ್ಣು ಎಂದು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಬೂಟು ಹಾಕಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯುರಿಟಿಯವರಿಗೆ, ಪೊಲೀಸರಿಗೆ, ಗಾರ್ಮೆಂಟ್ಸ್ ಕಾರ್ಖಾನೆಯವರಿಗೆ ಇದು ಮಾಮೂಲು. ಆರೋಗ್ಯವಂತರಿಗೆ ಇದು ಬರೀ ತುರಿಕೆ. ಸಕ್ಕರೆ ಕಾಯಿಲೆಯವರಿಗೆ ಹಾಗಲ್ಲ. ಬೇಲಿ ಮುರಿದ ಕಡೆಯಿಂದ ದನ ಗದ್ದೆಗೆ ನುಗ್ಗುವಂತೆ ಆ ಸೀಳಿನಿಂದ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ. ಕಾಲು ಕೆಂಪೇರಿ, ಬಿಸಿಯಾಗಿ, ಮೊಣಕಾಲವರೆಗೆ ಊದಿ ಚಳಿಜ್ವರ ಬಂದಾಗ ಎಲ್ಲರೂ ಊದಿದ ಕಾಲನ್ನು ನೋಡುತ್ತಾರೆ, ಬೆರಳು ಅಗಲಿಸಿ ಸಂದು ನೋಡುವವರು ಕಡಿಮೆ. ಆ್ಯಂಟಿಬಯಾಟಿಕ್ ಕೊಟ್ಟು ಊತ ಇಳಿಸಿ ಮನೆಗೆ ಕಳಿಸಿದರೆ, ಸಂದಿನ ಸೀಳು ಹಾಗೇ ಉಳಿದು ಕೆಲವು ತಿಂಗಳಲ್ಲಿ ಮತ್ತದೇ ಕಾಲು, ಮತ್ತದೇ ಊತ.

ಕಾಲಿನ ನರಗಳು ಸಕ್ಕರೆಯಿಂದ ಜಡ್ಡುಗಟ್ಟಿದ್ದರೆ ಇದಾವುದೂ ನೋಯುವುದೇ ಇಲ್ಲ. ನಡೆಯುವಾಗ ಚಪ್ಪಲಿ ಕಳಚಿಹೋದದ್ದು ಗೊತ್ತಾಗದೆ ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಯಾರೋ ಕೂಗಿ ಹೇಳಿದರು ಎನ್ನುವ ಅನುಭವ ನಿಮ್ಮ ಮನೆಯ ಹಿರಿಯರಿಗೆ ಆಗಿದೆಯೇ? ಆಗಿದ್ದರೆ ಅವರ ಪಾದವನ್ನು ದಿನವೂ ಬೇರೆಯವರು ನೋಡಬೇಕು. ಅವರಿಗೆ ಬಗ್ಗಲು ಆಗುವುದಿಲ್ಲ, ಕಣ್ಣೂ ಮಂಜು. ಮೊಮ್ಮಕ್ಕಳಿಗೆ ಈ ಕೆಲಸ ವಹಿಸಿ, ಅವರ ಕಣ್ಣು ಚುರುಕು. ಪ್ರತಿ ಬೆರಳನ್ನೂ ಅಗಲಿಸಿ ಸಂದು ನೋಡಬೇಕು. ಒಬ್ಬರೇ ಇರುವವರು ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಬಹುದು. ಸ್ನಾನವಾದ ಮೇಲೆ ಸಂದಿನ ನೀರನ್ನು ಹಳೇ ಪಂಚೆಯ ತುಂಡಿನಿಂದ ಒತ್ತಿ ಆರಿಸಬೇಕು, ಉಜ್ಜಬಾರದು. ಹಿಮ್ಮಡಿ ಒಡೆದಿದ್ದರೆ ಅಲ್ಲಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿ. ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ. ಬಿಸಿ ಉಪ್ಪುನೀರಿನಲ್ಲಿ ಕಾಲಿಟ್ಟು ಕೂರುವ ರೂಢಿ ಹಲವರಿಗಿದೆ. ಸ್ಪರ್ಶ ಕಳೆದುಕೊಂಡ ಕಾಲಿಗೆ ನೀರಿನ ಬಿಸಿ ತಿಳಿಯುವುದಿಲ್ಲ, ಸುಟ್ಟುಕೊಂಡು ಬರುತ್ತಾರೆ.

ಉಗುರಿನ ಬೂಷ್ಟು ತಾಳ್ಮೆಯ ಕೆಲಸ. ಕಾಲಿನ ಉಗುರು ದಪ್ಪಗೆ, ಹಳದಿಯಾಗಿ, ಪುಡಿಪುಡಿ ಉದುರುತ್ತದೆ. ನೋವಿಲ್ಲ ಎಂದು ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಪಾದದ ಬೂಷ್ಟು ಮತ್ತೆ ಮತ್ತೆ ಹೊರಡುವುದು ಆ ಉಗುರಿನ ಅಡಿಯಿಂದಲೇ, ದಪ್ಪ ಉಗುರು ಬೂಟಿನೊಳಗೆ ಒತ್ತಿ ಪಕ್ಕದ ಬೆರಳಿಗೆ ಹುಣ್ಣನ್ನೂ ಮಾಡುತ್ತದೆ. ಟರ್ಬಿನಾಫಿನ್ ಮಾತ್ರೆ ಕೈಯುಗುರಿಗಾದರೆ 6 ವಾರ, ಕಾಲುಗುರಿಗೆ 12 ವಾರ. ಮಾತ್ರೆ ಮುಗಿದರೂ ಉಗುರು ಹೊಸದಾಗಿ ಬೆಳೆದು ಬರಲು ವರ್ಷ, ಒಂದೂವರೆ ವರ್ಷ ಬೇಕು. ಮುಗಿದ ಮಾರನೇ ದಿನ "ಏನೂ ಆಗಲಿಲ್ಲ" ಎಂದು ಡಾಕ್ಟರ್ ಬದಲಿಸಬೇಡಿ. ಬ್ಲೇಡಿನಿಂದ ಕೆತ್ತುವುದು ಬೇಡವೇ ಬೇಡ.

ಬಟ್ಟೆಬರೆಯ ಬಗ್ಗೆ ಎರಡು ಮಾತು. ಉಡಿದಾರ ನೆನೆದರೆ ಬೇಗ ಆರುವುದಿಲ್ಲ, ಬೂಷ್ಟು ಅದರ ನೂಲಿನಲ್ಲೇ ಉಳಿಯುತ್ತದೆ. ವಾಸಿಯಾಗುವವರೆಗೆ ಬಿಚ್ಚಿಡಿ ಎಂದರೆ ಹಿರಿಯರು ಒಪ್ಪುವುದಿಲ್ಲ, ಆಗ ಬೆಳ್ಳಿಯದಕ್ಕೆ ಬದಲಿಸಿ ಎಂದು ರಾಜಿ ಮಾಡಿಕೊಳ್ಳುತ್ತೇನೆ. ಕಾಲುಂಗುರದ ಅಡಿ, ಲಂಗದ ಲಾಡಿ ಬಿಗಿಯುವ ಜಾಗ, ಇವನ್ನೂ ನೋಡಿಕೊಳ್ಳಿ. ಟವೆಲ್ ಒಬ್ಬರದು ಇನ್ನೊಬ್ಬರಿಗೆ ಬೇಡ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಬಿಸಿಲಿಗೆ ಒಣಗಿಸಿ ಎಂದು ಹೇಳುವುದು ತಮಾಷೆಯಾದೀತು. ಅಲ್ಲಿಯವರು ಒಳಉಡುಪನ್ನು ತಿರುವಿಹಾಕಿ ಇಸ್ತ್ರಿ ಮಾಡಿ ಹಾಕಿಕೊಳ್ಳಲಿ. ಬಿಗಿ ಜೀನ್ಸ್ ಬಿಟ್ಟು ಸಡಿಲ ಹತ್ತಿ ಬಟ್ಟೆ ಉಟ್ಟರೆ ಅರ್ಧ ಔಷಧ ಆದಂತೆ.

2021ರ ಕೊರೊನಾ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಎಂದು ಪತ್ರಿಕೆಗಳು ಬರೆದ ಮ್ಯೂಕರ್ ರೋಗ ನಿಮಗೆ ನೆನಪಿದ್ದೀತು. ಅದು ಇಲ್ಲಿಯವರೆಗೆ ಹೇಳಿದ ಬೂಷ್ಟುಗಳ ಪೈಕಿ ಅಲ್ಲ, ಹುಳುಕಡ್ಡಿ ಬೆಳೆದು ಅದಾಗುವುದೂ ಇಲ್ಲ. ಹತೋಟಿ ತಪ್ಪಿದ ಸಕ್ಕರೆ ಮತ್ತು ಸ್ಟೀರಾಯ್ಡ್ ಎರಡೂ ಕೂಡಿದಾಗ ಅದು ಮೂಗಿನಿಂದ ಕಣ್ಣಿಗೆ, ಮೆದುಳಿಗೆ ಏರಿತು. ಕಪ್ಪಗೆ ಕಾಣುವುದು ಬೂಷ್ಟಿನ ಬಣ್ಣವಲ್ಲ, ರಕ್ತ ನಿಂತು ಸತ್ತ ಮಾಂಸದ ಬಣ್ಣ. ಈಗ ಅಂಥ ಅಲೆ ಇಲ್ಲ, ಆದರೂ ಸಕ್ಕರೆ ಏರಿರುವವರಿಗೆ ಮುಖದ ಒಂದೇ ಪಕ್ಕ ನೋವು ಅಥವಾ ಜೋಮು, ಮೂಗಿನಿಂದ ಕಪ್ಪು ಸಿಂಬಳ, ಕಣ್ಣು ಊದಿ ಎರಡೆರಡು ಕಾಣುವುದು ಇದ್ದರೆ ನಾಳೆಗೆ ಕಾಯಬೇಡಿ.

ಕೊನೆಗೆ, ಎಲ್ಲರೂ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದು ಕೇಳುವ ಪ್ರಶ್ನೆ: "ಪಥ್ಯ ಏನು ಡಾಕ್ಟ್ರೇ? ಬದನೆಕಾಯಿ ಬಿಡಬೇಕಾ?" ನಂಜು ಎಂದು ಬದನೆಕಾಯಿ, ಹುರುಳಿ, ಮೊಟ್ಟೆ, ಮೀನು ಎಲ್ಲ ಬಿಟ್ಟು ಬರೀ ಗಂಜಿ ಕುಡಿದು ಸಕ್ಕರೆ ಏರಿಸಿಕೊಂಡು ಬರುವವರಿದ್ದಾರೆ. ಹುಳುಕಡ್ಡಿಗೆ ಬದನೆಕಾಯಿಯ ಪಥ್ಯವಿಲ್ಲ. ಎಣ್ಣೆಗಾಯಿ ಮಾಡಿ ಧಾರಾಳವಾಗಿ ತಿನ್ನಿ. ಜೊತೆಗೆ ಜೋಳದ ರೊಟ್ಟಿ ಎಷ್ಟು, ಅನ್ನ ಎಷ್ಟು ಎನ್ನುವುದನ್ನು ಮಾತ್ರ ನಿಮ್ಮ ಸಕ್ಕರೆ ಡಾಕ್ಟರನ್ನು ಕೇಳಿಕೊಳ್ಳಿ.